ದೇವರ ಮುಂದಿನ ಕೀಲಿಕೈ

ನಮ್ಮ ಮನೆಯ ಬಾಗಿಲ ಹಿಂದೆ ಒಂದು ಚೀಲ ತೂಗುತ್ತದೆ. ಮಗಳು ಹತ್ತನೆಯ ತರಗತಿ ಮುಗಿಸಿದ ಮೇಲೆ ಬಿಸಾಡಲು ಇಟ್ಟಿದ್ದ ನೀಲಿ ಚೀಲ. ಅದರೊಳಗೆ ಟಾರ್ಚು, ಸೀಟಿ, ಅತ್ತೆಯವರ ಬಿಪಿ ಗುಳಿಗೆ, ಎಲ್ಲರ ಆಧಾರ್ ಕಾರ್ಡಿನ ಝೆರಾಕ್ಸು, ಒಂದು ಹಳೆಯ ಸೀರೆ, ಬೇಗ ಕೆಡದ ಕಟಕ ರೊಟ್ಟಿಯ ಕಟ್ಟು ಮತ್ತು ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ ಇವೆ. ಜಗತ್ತೇ ಮುಳುಗಿದರೂ ಧಾರವಾಡದ ಕಡೆಯವರು ರೊಟ್ಟಿ-ಹಿಂಡಿ ಇಲ್ಲದೆ ಮುಳುಗುವವರಲ್ಲ. ಈ ಚೀಲ ಕಣ್ಣಿಗೆ ಬಿದ್ದಾಗಲೆಲ್ಲ ನನ್ನ ಗಂಡ ಕೈಮುಗಿದು, "ಕಾಶೀಯಾತ್ರಿಗೆ ಯಾವಾಗ ಹೊಂಡೂದು?" ಎನ್ನುತ್ತಾರೆ. ಮೊದಲು ನನಗೆ ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ, ಯಾಕೆಂದರೆ ಆ ಚೀಲ ಒಂದು ಸಲ ನಿಜವಾಗಿಯೂ ಯಾತ್ರೆ ಮಾಡಿ ಬಂದಿದೆ.

ನಾನು ಹೆದರುವ ಹೆಂಗಸು. ನಾಚಿಕೆಯಿಲ್ಲದೆ ಹೇಳುತ್ತೇನೆ. ಡೊಂಬಿವಿಲಿಯಲ್ಲಿ ಇಷ್ಟು ವರ್ಷ ಸಂಸಾರ ಮಾಡಿದವಳು ಹೆದರದೆ ಇದ್ದರೆ ಅವಳ ಯಾವುದೋ ನರ ಸತ್ತಿದೆ ಎಂದೇ ಲೆಕ್ಕ. ಮಳೆಗಾಲದಲ್ಲಿ ಹಳಿಯ ಮೇಲೆ ನೀರು, ಬೇಸಿಗೆಯಲ್ಲಿ ನಲ್ಲಿಯೊಳಗೆ ಗಾಳಿ, ನಡುವೆ ಯಾವಾಗಲೋ ಒಮ್ಮೆ ಕಾರ್ಖಾನೆಗಳ ಕಡೆಯಿಂದ ಕಣ್ಣುರಿಸುವ ವಾಸನೆ. ನನ್ನ ಕೆಲಸ ವಾಶಿಯಲ್ಲಿ. ದಿನಾ ಠಾಣೆಯಲ್ಲಿ ಇಳಿದು ಗಾಡಿ ಬದಲಿಸಿ ಹೋಗಬೇಕು. ಅಷ್ಟು ದೂರ ಹೋಗಿ ಕೂತವಳಿಗೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬುದೇ ದಿನದ ಮೊದಲ ಚಿಂತೆ. ಗಂಡ ಅರ್ಧ ತಿಂಗಳು ಪುಣೆಯಲ್ಲಿರುತ್ತಾರೆ. ಮನೆಯಲ್ಲಿ ಉಳಿಯುವವರು ಮೊಣಕಾಲು ನೋವಿನ ಅತ್ತೆ ಮತ್ತು ಕಾಲೇಜಿಗೆ ಹೋಗುವ ಮಗಳು. ಮಗಳಿಗೆ ಕನ್ನಡ ಚೆನ್ನಾಗಿ ತಿಳಿಯುತ್ತದೆ, ಆದರೆ ಉತ್ತರ ಮಾತ್ರ ಹಿಂದಿಯಲ್ಲೋ ಮರಾಠಿಯಲ್ಲೋ ಬರುತ್ತದೆ. ಅತ್ತೆ ಧಾರವಾಡದ ಮಾತು ಬಿಟ್ಟು ಬೇರೇನೂ ಆಡುವುದಿಲ್ಲ. ಅಜ್ಜಿ-ಮೊಮ್ಮಗಳು ದಿನವಿಡೀ ಬೇರೆ ಬೇರೆ ಭಾಷೆಯಲ್ಲಿ ಜಗಳವಾಡುತ್ತಾರೆ, ಒಂದು ಮಾತೂ ದಂಡವಾಗುವುದಿಲ್ಲ.

ನಮ್ಮದು ಹಳೆಯ ಕಟ್ಟಡ. ಕೆಳಗೆ ಅಂಗಡಿಗಳು, ಮೊದಲ ಮಹಡಿಯಲ್ಲಿ ನಾವು. ಮೆಟ್ಟಿಲ ಬುಡದಲ್ಲಿ ಇಡೀ ಕಟ್ಟಡದ ಕರೆಂಟ್ ಮೀಟರುಗಳು, ಅವುಗಳ ಕೆಳಗೆ ಯಾರೂ ಹಾಕಿಕೊಳ್ಳದ ಚಪ್ಪಲಿಗಳು, ರದ್ದಿ ಪೇಪರು, ಮುರಿದ ಸೈಕಲ್ಲು. ಕಟ್ಟಡದವರ ಸೊಸೈಟಿಯ ಸಭೆಯಲ್ಲಿ ನಾನು ಇದನ್ನು ಎತ್ತಿದಾಗಲೆಲ್ಲ "ಹೋ ಹೋ, ಕರೂಯಾ" ಎಂದು ಎಲ್ಲರೂ ತಲೆಯಾಡಿಸುತ್ತಿದ್ದರು. ಮಾಡೋಣ ಎಂದು ತಲೆಯಾಡಿಸುವುದೇ ಅಲ್ಲಿನ ಕೆಲಸ. ಎಲ್ಲ ಮನೆಗಳ ಕಿಟಕಿ-ಬಾಲ್ಕನಿಗೂ ಹೊರಗಿನಿಂದ ಕಬ್ಬಿಣದ ಗ್ರಿಲ್ಲು. ಕಳ್ಳ ಒಳಗೆ ಬರುವ ಹಾಗಿಲ್ಲ, ನಾವು ಹೊರಗೆ ಹೋಗುವ ಹಾಗಿಲ್ಲ. ಮೆಟ್ಟಿಲು ಮುಚ್ಚಿಹೋದರೆ ಏನು ಗತಿ ಎಂದು ಯೋಚಿಸಿ ಯೋಚಿಸಿ ಒಂದು ದಿನ ಗ್ರಿಲ್ ಮಾಡುವವನನ್ನು ಕರೆಸಿ, ಹಿಂದಿನ ಕೋಣೆಯ ಕಿಟಕಿಯ ಗ್ರಿಲ್ಲಿನಲ್ಲಿ ಒಬ್ಬರು ನುಸುಳುವಷ್ಟು ಬಾಗಿಲು ಕತ್ತರಿಸಿ ಕೂಡಿಸಿದೆ. ಅದರ ಕೆಳಗೇ, ಹೊರಗೆ ಚಾಚಿದ ಅಂಗಡಿಯ ಸಿಮೆಂಟಿನ ಮಾಳಿಗೆ. ಕಿಟಕಿಯಿಂದ ಕಾಲು ಇಳಿಬಿಟ್ಟರೆ ಸಾಕು, ಬಯಲಿಗೆ ಬಂದ ಹಾಗೆ.

ಕಳ್ಳರ ಭಯಕ್ಕೆ ಆ ಬಾಗಿಲಿಗೊಂದು ಬೀಗ. ಬೀಗಕ್ಕೊಂದು ಕೀಲಿಕೈ. ಇಲ್ಲಿಂದ ನಮ್ಮ ಕಷ್ಟ ಶುರುವಾಯಿತು. ಕಿಟಕಿಯ ಪಕ್ಕ ಮೊಳೆಗೆ ತೂಗುಹಾಕಿದರೆ ಹೊರಗಿನಿಂದ ಕೈ ಹಾಕಿ ತೆಗೆಯಬಹುದು ಎಂದು ಗಂಡನ ತಕರಾರು. ಚಮಚಗಳ ತಟ್ಟೆಯಲ್ಲಿಟ್ಟರೆ ಪಾತ್ರೆಯ ಜೊತೆ ತೊಳೆದು ಎಲ್ಲೋ ಹೋಯಿತು. ಫ್ರಿಜ್ಜಿನ ಮೇಲಿಟ್ಟದ್ದು ಹಿಂದೆ ಬಿದ್ದು, ಫ್ರಿಜ್ ಸರಿಸಿ ತೆಗೆಯಬೇಕಾಯಿತು. ಕೊನೆಗೆ ಅತ್ತೆಯೇ ದಾರಿ ತೋರಿದರು.

"ದೇವರ ಮುಂದ ಇಡು. ದೇವರ ಮುಂದ ಇಟ್ಟದ್ದು ಎಲ್ಲಿಗೂ ಹೋಗಂಗಿಲ್ಲ."

ಮಾತು ಸತ್ಯವೇ. ಮನೆಯಲ್ಲಿ ಯಾರೂ ಯಾವತ್ತೂ ಕೈಯಾಡಿಸದ ಜಾಗ ಅದೊಂದೇ. ಅಡುಗೆಮನೆಯ ಪಕ್ಕದ ಸಾಮಾನಿನ ಕೋಣೆಯನ್ನೇ ಬರಿದು ಮಾಡಿ ದೇವರ ಮನೆ ಮಾಡಿಕೊಂಡಿದ್ದೇವೆ. ಅಲ್ಲಿ ಅಂಗೈಯಗಲದ ಹಿತ್ತಾಳೆಯ ವೆಂಕಟರಮಣ, ಒಂದು ಕೃಷ್ಣ, ಒಂದು ಲಕ್ಷ್ಮಿ. ಅವರ ಪಾದದ ಬಳಿ ನನ್ನ ಕೀಲಿಕೈ ಕೂತಿತು. ನಾವೆಲ್ಲ ನೆಮ್ಮದಿಯಾದೆವು. ಯಾರೂ ಕೈಯಾಡಿಸದ ಜಾಗದಲ್ಲಿ ಕೀಲಿಕೈ ಇಟ್ಟರೆ ಬೇಕಾದಾಗ ತೆಗೆಯುವುದಕ್ಕೂ ಯಾರೂ ಇರುವುದಿಲ್ಲ ಎಂಬುದು ಓದಿದ ನಾಲ್ಕು ಮಂದಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಹೊಳೆದದ್ದು ನಾನು ಮನೆಯವರಿಗೆಲ್ಲ ತಾಲೀಮು ಮಾಡಿಸಿದ ಭಾನುವಾರ. ಯಾರಿಗೂ ಮೊದಲೇ ಹೇಳಿರಲಿಲ್ಲ. ಬೆಳಿಗ್ಗೆ ಎಲ್ಲರೂ ಆರಾಮಾಗಿದ್ದಾಗ ಚೀಲದಿಂದ ಸೀಟಿ ತೆಗೆದು ಮೂರು ಸಲ ಜೋರಾಗಿ ಊದಿದೆ. ಒಳಗೆ ಕೂತಿದ್ದ ಅತ್ತೆ, "ಮೂರಾದ್ವು, ಕುಕ್ಕರ್ ಆರಸು" ಎಂದರು. ಮಗಳು ಮುಸುಕು ಎಳೆದುಕೊಂಡಳು. "ಬೆಂಕಿ ಬಿದ್ದೈತಿ ಅಂತ ತಿಳಕೋರಿ! ಏಳ್ರಿ!" ಎಂದು ಕೂಗಾಡಿದ ಮೇಲೆ ಗಂಡ ಪೇಪರು ಬಿಸಾಡಿ ಎದ್ದು ದೇವರ ಮನೆಗೆ ಓಡಿದರು. ಹೊಸ್ತಿಲ ಒಳಗೆ ಒಂದು ಕಾಲು ಇಟ್ಟಿದ್ದರಷ್ಟೇ.

"ಸ್ನಾನ ಆಗೇದೇನು?" ಅತ್ತೆಯವರ ದನಿ.

ಐವತ್ತು ದಾಟಿದ ಗಂಡಸು, ಕೈಕೆಳಗಿನ ಹತ್ತು ಜನರಿಂದ ಕೆಲಸ ತೆಗೆಯುವವರು, ಕಾಲು ಹಿಂದಕ್ಕೆ ತೆಗೆದುಕೊಂಡು ನಿಂತರು. ನನಗೂ ಸ್ನಾನವಾಗಿರಲಿಲ್ಲ. ಮಗಳ ಮಾತು ಕೇಳುವುದೇ ಬೇಡ. ಸ್ನಾನವಾಗಿದ್ದವರು ಅತ್ತೆ ಒಬ್ಬರೇ. ಅವರು ಮೊಣಕಾಲು ಹಿಡಿದುಕೊಂಡು "ಅಯ್ಯಯ್ಯ" ಎಂದು ಎದ್ದು, ಸೆರಗು ಸರಿಮಾಡಿಕೊಂಡು, ಕೀಲಿಕೈ ತಂದುಕೊಡುವಷ್ಟರಲ್ಲಿ ನನ್ನ ಲೆಕ್ಕದ ಬೆಂಕಿ ಮೂರನೆಯ ಮಹಡಿ ಮುಟ್ಟಿತ್ತು. ನಾನು ಹಣೆ ಬಡಿದುಕೊಂಡೆ.

"ಅತ್ಯಾ, ಖರೇನ ಬೆಂಕಿ ಬಿದ್ದ ದಿನ ಇವ್ರು ಸ್ನಾನ ಮಾಡಿ ಬರ್ತಾರೇನ್ರಿ?"

"ಬೆಂಕಿ ಬಿದ್ರ ಯಾರವಾ ಮಡಿ ನೋಡ್ತಾರ?"

"ಈಗ ನೀವ ನೋಡಿದ್ರೆಲ್ಲಾ!"

"ಈಗ ಬೆಂಕಿ ಎಲ್ಲದ?" ಎಂದು ಅವರು ನಿಜವಾಗಿ ಸುತ್ತಲೂ ನೋಡಿದರು.

ಗಂಡ-ಮಗಳು ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಬೆಂಕಿ ಬಿದ್ದ ಹೊತ್ತಿನಲ್ಲಿ ಮನುಷ್ಯ ಯೋಚಿಸುವುದಿಲ್ಲ, ರೂಢಿಯಾದದ್ದನ್ನು ಮಾಡುತ್ತಾನೆ ಎಂಬುದು ನನ್ನ ನಂಬಿಕೆ. ಅತ್ತೆಯವರ ರೂಢಿ ಎಂಥದ್ದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದಕ್ಕಿಂತ ಹೆಚ್ಚಾಗಿ ನನಗೆ ಮಗಳ ಭಯ. ಅವಳು ಚಿಕ್ಕವಳಿದ್ದಾಗ, ಹೊಸದಾಗಿ ದೊಡ್ಡವಳಾದಾಗ, ಆ ದಿನಗಳಲ್ಲೇ ಒಮ್ಮೆ ಯಾವುದೋ ಗುಂಗಿನಲ್ಲಿ ದೇವರ ಮನೆಯೊಳಗೆ ಹೋಗಿ ಪೆನ್ಸಿಲ್ ಹುಡುಕಿದ್ದಳು. ಅತ್ತೆ ಒಂದು ಮಾತೂ ಬೈಯಲಿಲ್ಲ. ದೇವರನ್ನೆಲ್ಲ ತೊಳೆದು, ಪೂಜೆ ಮತ್ತೆ ಮೊದಲಿನಿಂದ ಮಾಡಿ, ಆ ದಿನ ಊಟ ಬಿಟ್ಟರು. ಬೈದಿದ್ದರೆ ಹುಡುಗಿ ತಿರುಗಿ ವಾದ ಮಾಡುತ್ತಿದ್ದಳು. ಅಜ್ಜಿ ಉಪವಾಸ ಕೂತದ್ದು ಅವಳ ಮನಸ್ಸಿಗೆ ನಾಟಿತು. ಎಲ್ಲದಕ್ಕೂ ಎದುರಾಡುವ ಹುಡುಗಿ ಅಂದಿನಿಂದ ಆ ಹೊಸ್ತಿಲೊಂದನ್ನು ಮಾತ್ರ ಆ ದಿನಗಳಲ್ಲಿ ದಾಟಿದವಳಲ್ಲ.

ಕೀಲಿಕೈ ಬೇರೆ ಕಡೆ ಇಡೋಣ ಎಂದೆ. ಅತ್ತೆಗೆ ಬೇಸರವಾಯಿತು. ಮೂರು ದಿನ ಯೋಚಿಸಿದವರು ತಮ್ಮ ಹಳೆಯ ಪಟ್ಟೆ ಸೀರೆಯ ಅಂಚು ಹರಿದು ಕೀಲಿಕೈಗೆ ಕಟ್ಟಿ, ಇನ್ನೊಂದು ತುದಿಯನ್ನು ಹೊಸ್ತಿಲಾಚೆ ಇಳಿಬಿಟ್ಟರು. "ರೇಶ್ಮಿಗೆ ಮೈಲಿಗಿ ಇಲ್ಲ. ಯಾರರೆ ಎಳೀರಿ, ಯಾವಾಗರೆ ಎಳೀರಿ" ಎಂದರು. ಹಾವು ಸಾಯಬೇಕು, ಕೋಲು ಮುರಿಯಬಾರದು. ಮಗಳು ಬಂದು ಎಳೆದು ನೋಡಿದಳು. ಕೀಲಿಕೈ ಸರ್ರನೆ ಹೊಸ್ತಿಲು ದಾಟಿ ಅವಳ ಕೈಗೆ ಬಂತು. ನಾನೂ ಒಪ್ಪಿದೆ. ಅತ್ತೆಯ ಬುದ್ಧಿಗೆ ಮನಸ್ಸಿನಲ್ಲೇ ಶಭಾಷ್ ಎಂದೆ, ಬಾಯಿ ಬಿಟ್ಟು ಹೇಳಲಿಲ್ಲ.

ಅದಾಗಿ ಕೆಲವು ತಿಂಗಳ ಮೇಲೆ, ಒಂದು ಶುಕ್ರವಾರ. ಗಂಡ ಪುಣೆಯಲ್ಲಿದ್ದರು. ನಾನು ಠಾಣೆಯಲ್ಲಿ ಗಾಡಿ ಬದಲಿಸಿ, ಕೂರಲು ಜಾಗವೂ ಸಿಕ್ಕಿ, ಘಣಸೋಲಿ ದಾಟಿದ್ದೆ. ಮಗಳ ಫೋನು ಬಂತು.

"ಮಮ್ಮೀ, ಸೀಢೀ ಪೆ ಧುಆಂ ಹೈ. ಬಹುತ್ ಧುಆಂ. ದರ್ವಾಜಾ ಖೋಲಾ ತೋ ಅಂದರ್ ಆ ಗಯಾ."

"ಮೆಟ್ಟಲದಾಗ ಹೊಗಿ ಅದ ಅಂದ್ರ ಬಾಗಿಲ ಹಾಕು! ಸಂದಿಗೆ ಹಸೀ ಟಾವೆಲ್ ಇಡು. ಆಮೇಲೆ ಕೀಲಿಕೈ..." ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು. ಮತ್ತೆ ಹಚ್ಚಿದೆ. ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ. ಮತ್ತೆ ಹಚ್ಚಿದೆ. ಎತ್ತುವುದಿಲ್ಲ.

ಆಗ ನೆನಪಾಯಿತು. ಶುಕ್ರವಾರವೆಂದು ಅತ್ತೆ ಬೆಳಿಗ್ಗೆಯೇ ದೇವರ ಮನೆ ತೊಳೆದಿದ್ದರು. ಆ ರೇಷ್ಮೆಯ ಅಂಚನ್ನೂ ಬಿಚ್ಚಿ ತೊಳೆದಿದ್ದರು. ನಾನು ಚಪ್ಪಲಿ ಮೆಟ್ಟಿಕೊಳ್ಳುವಾಗ ಅದು ಬಾಲ್ಕನಿಯ ಹಗ್ಗದ ಮೇಲೆ ಒಣಗುತ್ತಿದ್ದುದನ್ನು ನನ್ನ ಕಣ್ಣಾರೆ ನೋಡಿದ್ದೆ. ಕೀಲಿಕೈ ಒಳಗೆ, ರೇಷ್ಮೆ ಹಗ್ಗದ ಮೇಲೆ. ಮತ್ತು ಮಗಳು ಹಿಂದಿನ ದಿನವಷ್ಟೇ ಹೊರಗಾಗಿದ್ದಳು.

ಕೋಪರಖೈರಣೆಯಲ್ಲಿ ಇಳಿದು, ಸೇತುವೆ ಹತ್ತಿ ಇಳಿದು, ಠಾಣೆಗೆ ಹೋಗುವ ಗಾಡಿ ಹಿಡಿದೆ. ಸೊಸೈಟಿಯ ಯಾರೂ ಫೋನು ಎತ್ತಲಿಲ್ಲ. ಪುಣೆಗೆ ಫೋನು ಹಚ್ಚಿ ಗಂಡನಿಗೆ ಕನ್ನಡದಲ್ಲಿ ಕೂಗಿದೆ, "ಒಳಗ ಹೋಗು ಅಂತ ಹೇಳೂದರೊಳಗ ಕಟ್ಟಾತ್ರಿ! ಆಕಿ ಹೊಸ್ತಿಲದಾಗ ನಿಂತಿರ್ತಾಳ, ಅತ್ಯಾ ಏಳೂತನಕ ಕಾಯ್ಕೋತ ನಿಂತಿರ್ತಾಳ!" ಅವರೂ ಏನೋ ಕೂಗಿದರು, ಕೇಳಿಸಲಿಲ್ಲ. ಗಾಡಿಯ ಹೆಂಗಸರ ಡಬ್ಬಿಯೆಲ್ಲ ನನ್ನನ್ನು ನೋಡುತ್ತಿತ್ತು. ಬುಟ್ಟಿಯ ಪಕ್ಕ ಕೂತಿದ್ದ ಒಬ್ಬ ಹೆಂಗಸು ಸರಿದು ಜಾಗ ಮಾಡಿದಳು. "ಕುಂದ್ರ ಬಾ ಯವ್ವಾ. ನಮ್ದು ವಿಜಾಪುರ ಕಡೆ. ನಿನ್ನ ಮಾತು ತಿಳೀತು" ಎಂದಳು. ಏನಾಯಿತು ಎಂದು ಕೇಳಲಿಲ್ಲ. ನನ್ನ ಕೈ ತನ್ನ ಕೈಯಲ್ಲಿ ಹಿಡಿದುಕೊಂಡು ಠಾಣೆಯವರೆಗೂ ಬಿಡಲಿಲ್ಲ.

ಆ ಹೊತ್ತಿನಲ್ಲಿ ನನ್ನ ಕಣ್ಣಿಗೆ ಕಂಡದ್ದು ಬೆಂಕಿಯಲ್ಲ. ಒಂದು ಹೊಸ್ತಿಲು. ಅದರ ಈಚೆ ನನ್ನ ಮಗಳ ಎರಡು ಕಾಲು. ಇಷ್ಟು ವರ್ಷ ಚೀಲ ಕಟ್ಟಿದೆ, ಗ್ರಿಲ್ ಕತ್ತರಿಸಿದೆ, ಸೀಟಿ ಊದಿದೆ. "ಅಂಥ ದಿನ ಬಂದರೆ ನೇರ ಒಳಗೆ ಹೋಗು, ಯಾರ ಮಾತೂ ಕೇಳಬೇಡ" ಎಂದು ಅತ್ತೆಯ ಎದುರಿಗೆ ಹೇಳಲು ಮಾತ್ರ ನನಗೆ ಬಾಯಿ ಬರಲಿಲ್ಲ. ಮನೆಯಲ್ಲಿ ಜಗಳ ಬೇಡವೆಂದು ರೇಷ್ಮೆಯ ಚೂರೊಂದನ್ನು ನಂಬಿ ಕೂತಿದ್ದೆ. ಸಿಟ್ಟು ಅತ್ತೆಯ ಮೇಲೋ ನನ್ನ ಮೇಲೋ ತಿಳಿಯಲಿಲ್ಲ, ಆದರೆ ಬೇಕಾದಷ್ಟಿತ್ತು.

ಠಾಣೆಯಲ್ಲಿ ಮನೆ ಕಡೆಯ ಗಾಡಿ ಹತ್ತಿ ಮುಂಬ್ರಾ ದಾಟಿದ ಮೇಲೆ ಗುರುತಿಲ್ಲದ ನಂಬರಿನಿಂದ ಫೋನು.

"ಮಮ್ಮೀ, ಹಮ್ ನೀಚೆ ಹೈ. ದೋನೋ. ಅಜ್ಜಿ ಭೀ. ಮೇರಾ ಫೋನ್ ಊಪರ್ ರಹ ಗಯಾ. ತೂ ರೋ ಮತ್ ನಾ."

ಇಬ್ಬರೂ ಕೆಳಗಿಳಿದಿದ್ದರು, ಫೋನು ಮಾತ್ರ ಮೇಲೆ ಉಳಿದಿತ್ತು. ನಾನು ಮೂಗು ಬಾಯಿ ಎನ್ನದೆ ಅತ್ತುಬಿಟ್ಟೆ. ಹೋದ ಜೀವ ಬಂದ ಹಾಗೆ ಎಂದು ಮಾತಿಗೆ ಹೇಳುತ್ತೇವೆ. ಆ ದಿನ ಅದು ಹೊಟ್ಟೆಯ ಒಳಗಿಂದ ಕೈಕಾಲಿಗೆ ಹರಿದು ಬಂದದ್ದು ನನಗೆ ಗೊತ್ತಾಯಿತು. ಸುತ್ತಲಿನ ಹೆಂಗಸರೂ ಕಣ್ಣೊರೆಸಿಕೊಂಡರು, ಒಬ್ಬಳು ನನಗೆ ಚಿಕ್ಕಿ ಕೊಟ್ಟಳು. ಅಷ್ಟು ರುಚಿಯಾದ ಚಿಕ್ಕಿ ನಾನು ಮತ್ತೆ ತಿಂದಿಲ್ಲ.

ನಾನು ಮುಟ್ಟುವಷ್ಟರಲ್ಲಿ ಅಗ್ನಿಶಾಮಕದವರು ಬೆಂಕಿ ಆರಿಸಿಯಾಗಿತ್ತು. ಮೀಟರುಗಳು ಸುಟ್ಟಿದ್ದವು, ಯಾರೂ ಹಾಕಿಕೊಳ್ಳದ ಚಪ್ಪಲಿಗಳು ಸುಟ್ಟಿದ್ದವು. ಮೇಲಿನ ಮಹಡಿಯವರು ತಾರಸಿಗೆ ಹೋಗಿ ಉಳಿದಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅತ್ತೆ ಕೂತಿದ್ದರು. ತೊಡೆಯ ಮೇಲೆ ನೀಲಿ ಚೀಲ, ಅದನ್ನು ಎರಡೂ ಕೈಯಿಂದ ಅಪ್ಪಿಕೊಂಡಿದ್ದರು. ಅಂಗಡಿಯವರು ಚಹಾ ತಂದು ಹಿಡಿದು ನಿಂತಿದ್ದರು. ಅತ್ತೆ ಬೇಡವೆಂದು ತಲೆಯಾಡಿಸುತ್ತಿದ್ದರು. ಹೊರಗಿನ ಚಹಾ ಅವರು ಕುಡಿದವರಲ್ಲ.

"ಕುಡೀರಿ ಅತ್ಯಾ, ಇವತ್ತೊಂದ ದಿನ" ಎಂದೆ.

"ಒಂದ ದಿನಕ್ಕ ಒಂದು ಸಾಕು" ಎಂದರು.

ಒಂದು ಯಾವುದು ಎಂಬುದನ್ನು ಮಗಳು ಹೇಳಿದಳು. ಅವಳ ಮೂಗಿನ ತುದಿ, ಹಣೆ, ಕೈ ಎಲ್ಲ ಮಸಿ. ಹೇಳುವಾಗ ಅಳುತ್ತಿದ್ದಳು, ನಗುತ್ತಿದ್ದಳು. ಬಾಗಿಲು ಹಾಕಿ, ಟಾವೆಲ್ ಒತ್ತಿ, ದೇವರ ಮನೆಗೆ ಓಡಿದಳಂತೆ. ನೋಡಿದರೆ ರೇಷ್ಮೆ ಇಲ್ಲ. ಕೀಲಿಕೈ ಅಲ್ಲೇ, ಎರಡು ಹೆಜ್ಜೆಯ ಆಚೆ, ಹೂವಿನ ನಡುವೆ. ನಾನು ಗಾಡಿಯಲ್ಲಿ ಕಂಡ ಹಾಗೆಯೇ ಹೊಸ್ತಿಲಲ್ಲಿ ನಿಂತುಬಿಟ್ಟಳಂತೆ.

"ಅಜ್ಜಿ, ಚಾವಿ ಅಂದರ್ ಹೈ."

"ಒಳಗ ಹೋಗು."

"ಲೇಕಿನ್ ಮೈ..."

"ನನಗ ಗೊತ್ತದ. ಲೇಕಿನ್-ಗೀಕಿನ್ ಬ್ಯಾಡ. ಕಾಲಿಟ್ಟು ಒಳಗ ಹೋಗು ಅಂದ್ನೆಲ್ಲ!"

ಇಷ್ಟು ವರ್ಷದಲ್ಲಿ ಅಜ್ಜಿ ಮೊದಲ ಸಲ ಕಿರುಚಿದ್ದಂತೆ. ಹುಡುಗಿ ಒಂದೇ ಜಿಗಿತಕ್ಕೆ ಒಳಗೆ ಹೋಗಿ ಕೀಲಿಕೈ ಹಿಡಿದು ತಿರುಗಿದಳು. ಆಗ ಹೊರಗಿನಿಂದ ಅಜ್ಜಿಯ ದನಿ ಮತ್ತೆ ಬಂತು.

"ಬರೋ ಮುಂದ ಅವ್ರನ್ನೂ ತೊಗೊಂಡ ಬಾ."

"ಕಿಸ್ಕೋ?"

"ದೇವರನ್ನ. ಅವ್ರಿಗೇನು ಹೊಗಿ ಹತ್ತೂದಿಲ್ಲೇನು?"

ಹೀಗೆ ನನ್ನ ಮಗಳು, ಹೊರಗಾದ ಎರಡನೆಯ ದಿನ, ವೆಂಕಟರಮಣನನ್ನೂ ಕೃಷ್ಣನನ್ನೂ ಲಕ್ಷ್ಮಿಯನ್ನೂ ಬಾಚಿಕೊಂಡು ಚೀಲಕ್ಕೆ ತುಂಬಿದಳು. ತಾಲೀಮಿನಲ್ಲಿ ಎಂದೂ ಕಿಟಕಿ ಹತ್ತದ ಅತ್ತೆ ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಮಾಳಿಗೆಗೆ ಇಳಿದರು. ಅಂಗಡಿಯವರು ಏಣಿ ಹಾಕಿ ಅವರನ್ನು ಕೆಳಗಿಳಿಸಿದರು. ನಾನು ಚೀಲ ತೆರೆದು ನೋಡಿದೆ. ಹಿಂಡಿಯ ಡಬ್ಬಿ ಮತ್ತು ಟಾರ್ಚಿನ ನಡುವೆ, ಹಳೆಯ ಸೀರೆಯ ಮಡಿಕೆಯಲ್ಲಿ, ಮೂವರೂ ಆರಾಮಾಗಿದ್ದರು. ವೆಂಕಟರಮಣನ ಕಿರೀಟಕ್ಕೆ ರೊಟ್ಟಿಯ ಚೂರು ಅಂಟಿತ್ತು.

"ಅತ್ಯಾ," ಎಂದೆ.

ಅವರು ನನ್ನನ್ನು ನೋಡಿ, "ನಾ ಅವತ್ತ ಹೇಳಿದ್ದೆ. ಇವತ್ತ ಬೆಂಕಿ ಇತ್ತಲ್ಲ" ಎಂದರು. ಇದರಲ್ಲಿ ಇನ್ನೇನು ಮಾತು ಎಂಬ ಹಾಗೆ ಇತ್ತು ಅವರ ಮುಖ. ನಾನು ಅವರ ಕಾಲ ಬಳಿ ರಸ್ತೆಯಲ್ಲೇ ಕೂತುಬಿಟ್ಟೆ. ಇಪ್ಪತ್ತು ವರ್ಷ ಒಂದೇ ಅಡುಗೆಮನೆಯಲ್ಲಿದ್ದು ಈ ಹೆಂಗಸನ್ನು ನಾನು ಅರ್ಧವಷ್ಟೇ ತಿಳಿದಿದ್ದೆ.

ಸಂಜೆಯ ಹೊತ್ತಿಗೆ ಮನೆಗೆ ಹೋಗಲು ಬಿಟ್ಟರು. ಕರೆಂಟಿಲ್ಲ, ಗೋಡೆಯ ಮೇಲೆಲ್ಲ ಹೊಗೆಯ ವಾಸನೆ. ಗಂಡ ಪುಣೆಯಿಂದ ಬಂದು ಮುಟ್ಟಿದ್ದರು. ಟಾರ್ಚಿನ ಬೆಳಕಿನಲ್ಲಿ ಎಲ್ಲರೂ ಕಟಕ ರೊಟ್ಟಿ ಮುರಿದು ಹಿಂಡಿ ಹಚ್ಚಿಕೊಂಡು ತಿಂದೆವು, ಎದುರು ಮನೆಯವರಿಗೂ ಕೊಟ್ಟೆವು. ನನ್ನ ಚೀಲವನ್ನು ಆ ದಿನ ಯಾರೂ ಹಾಸ್ಯ ಮಾಡಲಿಲ್ಲ. ಅತ್ತೆ ಕೀಲಿಕೈಯನ್ನು ನನ್ನ ಕೈಗಿತ್ತು, "ಇದನ್ನ ಮಾತ್ರ ಇನ್ನ ಅಲ್ಲಿ ಇಡಬ್ಯಾಡ. ಕಿಟಕಿ ಬಾಜೂಕ ಮೊಳಿ ಹೊಡಿ" ಎಂದರು. ಗಂಡ ಕಳ್ಳರ ಮಾತು ತೆಗೆಯಲಿಲ್ಲ, ಸುತ್ತಿಗೆ ತಂದರು.

ದೀಪ ಹಚ್ಚುವ ಹೊತ್ತು ಮೀರಿತ್ತು. ದೇವರ ಮನೆ ಬರಿದಾಗಿತ್ತು. ನಾನು ಸ್ನಾನ ಮಾಡಿ ಬಂದು ಚೀಲದ ಕಡೆ ಕೈ ಚಾಚಿದೆ. ಅತ್ತೆ ತಡೆದರು.

"ನೀ ಬ್ಯಾಡ. ತೊಗೊಂಡ ಬಂದಾಕಿನ ಒಳಗ ಇಡ್ಲಿ."

ಮಗಳು ಅಜ್ಜಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಚೀಲ ಎತ್ತಿಕೊಂಡು ಹೊಸ್ತಿಲವರೆಗೆ ಹೋದಳು.

"ಏ, ನಿಲ್ಲ ಅಲ್ಲೇ!" ಎಂದರು ಅತ್ತೆ.

ಹುಡುಗಿ ನಿಂತಳು.

"ಕೈ ತೊಳ್ಕೊಂಡ ಬಾ ಮೊದಲ. ಮಸಿ ಹತ್ತೇದ ಇನ್ನೂ."

ಮಗಳು ಕೈ ತೊಳೆದುಕೊಂಡು ಬಂದು ಒಳಗೆ ಹೋದಳು.